ಕುಂಕುಮದ ಕೆಳಗಿನ ಅಂಕಿ

ನನ್ನ ಮೇಜಿನ ಮೇಲಿರುವ ಪೆನ್ನಿನ ಡಬ್ಬಿಯಲ್ಲಿ ಒಂದು ಸೇಫ್ಟಿ ಪಿನ್ನು ಇದೆ. ನೆಟ್ಟಗೆ ಬಿಡಿಸಿದ, ತುದಿ ತುಸು ಸೊಟ್ಟಗಾಗಿರುವ ಪಿನ್ನು. ನನ್ನ ಹೆಂಡತಿ ಮೇಜು ಒರೆಸುವಾಗಲೆಲ್ಲ ಅದನ್ನು ಎಸೆಯಲು ನೋಡುತ್ತಾಳೆ, ನಾನು ಎಸೆಯಗೊಡುವುದಿಲ್ಲ. ಅದು ಹರಿಹರದಲ್ಲಿರುವ ನನ್ನ ಗಿರಿಜಕ್ಕನ ಬಳೆಯಿಂದ ಬಂದದ್ದು. ನಮ್ಮ ಕಡೆ ಹೆಂಗಸರ ಬಳೆಗೋ ತಾಳಿಸರಕ್ಕೋ ನಾಲ್ಕು ಪಿನ್ನು ಜೋತಾಡದಿದ್ದರೆ ಅವರ ಸಂಸಾರ ಪೂರ್ತಿಯಾಗಿಲ್ಲ ಎಂದೇ ಲೆಕ್ಕ. ಸೆರಗಿಗೊಂದು, ಚೀಲದ ಕೆಟ್ಟ ಜಿಪ್ಪಿಗೊಂದು, ಕಾಲಿಗೆ ಮುಳ್ಳು ನೆಟ್ಟರೆ ತೆಗೆಯಲು ಒಂದು, ಯಾವುದಕ್ಕೂ ಇರಲಿ ಎಂದು ಇನ್ನೊಂದು. ಆ ‘ಯಾವುದಕ್ಕೂ ಇರಲಿ’ ಪಿನ್ನೇ ಒಂದು ಹಳೆಯ ಕಂಪ್ಯೂಟರಿನ ಬಾಯಿ ತೆರೆಸಿತು ಎಂದರೆ ನೀವು ನಂಬಬೇಕು. ನಂಬದಿದ್ದರೂ ಕೇಳಿ, ನನಗಂತೂ ಹೇಳದೆ ಇರಲಾಗುತ್ತಿಲ್ಲ.

ಮೊದಲು ನಮ್ಮ ಭಾವನ ಪರಿಚಯವಾಗಬೇಕು. ಹೆಸರು ಬಸವರಾಜಪ್ಪ. ಆ ಹೆಸರು ಹಿಡಿದು ಹರಿಹರದಲ್ಲಿ ಮನೆ ಹುಡುಕಿದರೆ ಸಂಜೆಯಾದರೂ ಸಿಗುವುದಿಲ್ಲ. ‘ಮೈಕ್ ಬಸಣ್ಣ’ ಎಂದರೆ ಆಟೊದವರು ಬಾಗಿಲಿಗೇ ತಂದು ಬಿಡುತ್ತಾರೆ. ಆಟೊದ ನೆತ್ತಿಗೆ ಸ್ಪೀಕರ್ ಕಟ್ಟಿಕೊಂಡು, ಒಳಗೆ ಮೈಕ್ ಹಿಡಿದು ಕೂತು, ಊರೂರಿಗೆ ಸುದ್ದಿ ಸಾರುವುದು ಅವರ ಕಸುಬಾಗಿತ್ತು. ಟೆಂಟು ಹಾಕಿದ ನಾಟಕ ಕಂಪನಿ, ಸೀರೆಗಳ ರಿಯಾಯಿತಿ ಮಾರಾಟ, ಕಣ್ಣು ತಪಾಸಣೆಯ ಶಿಬಿರ, ತಪ್ಪಿಸಿಕೊಂಡ ಎಮ್ಮೆ, ನಾಳೆ ನಲ್ಲಿಯಲ್ಲಿ ಬಾರದ ನೀರು, ಎಲ್ಲವೂ ಅವರ ಬಾಯಿಂದಲೇ ಊರಿಗೆ ತಿಳಿಯಬೇಕು. ಹೊಳೆ ತುಂಬಿ ಬಂದ ವರ್ಷ ದಂಡೆಯ ಓಣಿಗಳಲ್ಲಿ ಎಚ್ಚರಿಕೆ ಹೇಳುತ್ತ ಓಡಾಡಿದ್ದೂ ಅವರೇ. ಅಲ್ಲಿನ ಕೆಲವರು ನೀರಿಗೆ ಹೆದರಲಿಲ್ಲವಂತೆ, ಬಸಣ್ಣನ ದನಿಗೆ ಹೆದರಿ ಮನೆ ಖಾಲಿ ಮಾಡಿದರಂತೆ.

ದಾವಣಗೆರೆಯ ನಮ್ಮ ಓಣಿಗೂ ಅವರ ಆಟೊ ಬರುತ್ತಿತ್ತು. ಆಗಿನ್ನೂ ಅವರು ನಮಗೆ ಭಾವ ಆಗಿರಲಿಲ್ಲ, ಬರೀ ಗುಲಾಬಿ ಬಣ್ಣದ ಕರಪತ್ರ ಎಸೆಯುವ ದೊಡ್ಡ ಮನುಷ್ಯ. ಆ ಕರಪತ್ರಕ್ಕಾಗಿ ನಾವು ಹುಡುಗರು ಆಟೊದ ಹಿಂದೆ ಆವರಗೆರೆಯ ದಾರಿಯವರೆಗೂ ಓಡುತ್ತಿದ್ದೆವು. ಒಂದು ಮಗ್ಗುಲು ಖಾಲಿ ಇರುತ್ತಿತ್ತಲ್ಲ, ಅದರಲ್ಲಿ ಲೆಕ್ಕ ಮಾಡಬಹುದಿತ್ತು. ಒಮ್ಮೆ ನಾನು ಮನೆಗೆಲಸದ ಲೆಕ್ಕಗಳನ್ನು ಅದರಲ್ಲೇ ಮಾಡಿ ಮೇಷ್ಟರಿಗೆ ಒಪ್ಪಿಸಿದೆ. ಅವರು ಹಾಳೆ ತಿರುವಿ, ಹಿಂದಿದ್ದ ‘ಹಾಸ್ಯಭರಿತ ಸಾಂಸಾರಿಕ ನಾಟಕ, ಸ್ತ್ರೀಯರಿಗೆ ಪ್ರತ್ಯೇಕ ಆಸನ’ ಎಂಬುದನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿ, ನಾಟಕ ನನ್ನ ಲೆಕ್ಕಕ್ಕಿಂತ ಚೆನ್ನಾಗಿರಬಹುದು ಎಂದರು. ನಾನು ಗಣಿತ ಬಿಟ್ಟು ಇತಿಹಾಸದ ಕಡೆ ಹೊರಳಿದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಈಗ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತೇನೆ, ಬಿಡುವಿನಲ್ಲಿ ಕಲ್ಲಿನ ಮೇಲಿನ ಶಾಸನ ಓದುತ್ತೇನೆ.

ಅದೇ ಮನುಷ್ಯ ಅಕ್ಕನನ್ನು ನೋಡಲು ನಮ್ಮ ಮನೆಗೆ ಬಂದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಚಾಪೆಯ ಮೇಲೆ ಕೂತು ಬಹಳ ವಿನಯದಿಂದ ‘ಕುಡಿಯಾಕೆ ನೀರು’ ಎಂದರು. ಎದುರುಮನೆಯವರು ಹೊರಗೆ ಬಂದು ಯಾವ ನಾಟಕ ಬಂತು ಎಂದು ವಿಚಾರಿಸಿದರು. ಈ ಹುಡುಗ ಗುಟ್ಟು ಹೇಳಿದರೆ ಓಣಿಗೆಲ್ಲ ಗೊತ್ತಾಗುತ್ತದೆ ಎಂದು ಅವ್ವನಿಗೆ ಚಿಂತೆ. ಅಕ್ಕ ಮಾತ್ರ ನಕ್ಕು ಒಪ್ಪಿಕೊಂಡುಬಿಟ್ಟಳು. ಮದುವೆಯಾದ ಮೇಲೆ ಅವಳಿಗೆ ಒಂದು ಆಶ್ಚರ್ಯ ಕಾದಿತ್ತು. ಭಾವ ಮನೆಯಲ್ಲಿ ಮಾತಾಡುತ್ತಿದ್ದುದೇ ಬಹಳ ಮೆಲ್ಲಗೆ. ದಿನವಿಡೀ ಊರಿಗೆ ಕೂಗಿದ ಗಂಟಲನ್ನು ಮನೆಯಲ್ಲಿ ಜೋಪಾನ ಮಾಡುತ್ತಿದ್ದರು. ಆ ಮೆಲುದನಿ ಕೇಳಿದವರು ಅಕ್ಕ ಒಬ್ಬಳೇ ಎನ್ನಬೇಕು. ನಾವು ಹೋದರೆ ನಮ್ಮ ಎದುರಿಗೆ ಅವರಿಗೆ ಮತ್ತೆ ಮೈಕಿನ ಗತ್ತು ಬಂದುಬಿಡುತ್ತಿತ್ತು.

ಕಾಲ ಬದಲಾಯಿತು. ಆಟೊದಲ್ಲಿ ಕೂತು ಕೂಗುವ ಬದಲು ಮೊದಲೇ ದನಿ ಮುದ್ರಿಸಿಕೊಂಡು ಹಾಕುವ ಪದ್ಧತಿ ಬಂತು. ಭಾವ ಒಂದು ಕಂಪ್ಯೂಟರ್ ಕೊಂಡರು. ಮನೆಯ ಮುಂದಿನ ಕೋಣೆಯ ಗೋಡೆಗಳಿಗೆ ಅಕ್ಕ ಹೊಲಿದ ಕೌದಿಗಳನ್ನೆಲ್ಲ ಇಳಿಬಿಟ್ಟು, ಅದನ್ನೇ ಸ್ಟುಡಿಯೊ ಎಂದು ಕರೆದರು. ಚಳಿಗಾಲದಲ್ಲಿ ನೆಂಟರು ಬಂದರೆ ಸ್ಟುಡಿಯೊ ಬಿಚ್ಚಿ ಹೊದೆಯಲು ಕೊಡಬೇಕಾಗುತ್ತಿತ್ತು. ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಗಂಟಲಿಗೆ ರೋಗ ಬಂತು, ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು.

ಇದನ್ನು ಒಂದೇ ಸಾಲಿನಲ್ಲಿ ಹೇಳಿದೆ. ಭಾವನೂ ಹಾಗೆಯೇ, ಆ ಬಗ್ಗೆ ಉದ್ದ ಎಳೆದವರಲ್ಲ. ಒಂದು ಸ್ಲೇಟು, ಒಂದು ಬಳಪ ತರಿಸಿಕೊಂಡರು. ಬೇಕಾದ್ದನ್ನು ಅದರಲ್ಲಿ ಬರೆದು ತೋರಿಸುತ್ತಾರೆ. ಅಕ್ಕ ಒಳಗಿದ್ದರೆ ಕೈಯ ಉಂಗುರದಿಂದ ಸ್ಟೀಲ್ ಲೋಟಕ್ಕೆ ಟಣ್ ಟಣ್ ಎಂದು ಬಡಿಯುತ್ತಾರೆ. ಒಂದು ಬಗೆಯ ಟಣ್‌ಗೆ ನೀರು, ಇನ್ನೊಂದಕ್ಕೆ ಚಹಾ, ಮತ್ತೊಂದಕ್ಕೆ ‘ಯಾರೋ ಬಂದಿದ್ದಾರೆ ನೋಡು’. ನನಗೆ ಎಲ್ಲವೂ ಒಂದೇ ಥರ ಕೇಳುತ್ತವೆ, ಅಕ್ಕನಿಗೆ ತಪ್ಪುವುದಿಲ್ಲ. ಸ್ಟುಡಿಯೊ ಮುಚ್ಚುವಾಗ ಭಾವ ಕಂಪ್ಯೂಟರಿನ ಸೌಂಡ್ ಕಾರ್ಡನ್ನು ಕಿತ್ತು, ಕೇಳಿದವರಿಗೆ ಕೊಟ್ಟುಬಿಟ್ಟರು. ಮಾತಿಲ್ಲದವನಿಗೆ ಅದ್ಯಾಕೆ ಎಂದು ಸ್ಲೇಟಿನಲ್ಲಿ ಬರೆದರು. ಕಂಪ್ಯೂಟರ್ ಅಟ್ಟ ಸೇರಿತು.

ಹೋದ ಬೇಸಿಗೆಯ ಒಂದು ಭಾನುವಾರ ಹರಿಹರಕ್ಕೆ ಹೋಗಿದ್ದೆ. ಭಾವ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ ಒಗ್ಗರಣೆ ಮಂಡಕ್ಕಿ ಕಲೆಸುತ್ತಿದ್ದಳು. ಅದೂ ಇದೂ ಮಾತಾಡುತ್ತ ನಾನು, ಭಾವನ ಹಾಗೆ ಕೂಗುವವರು ಈಗ ಯಾರೂ ಇಲ್ಲ, ಜನ ಇನ್ನೂ ನೆನೆಯುತ್ತಾರೆ ಎಂದೆ. ಅಕ್ಕನ ಕೈ ನಿಂತಿತು.

“ಮೈಕಿನ ದನಿ ಊರಿಗೆಲ್ಲ ನೆನಪೈತೆ ಬಿಡು. ಮನೆಯಾಗೆ ನನ್ ಕೂಟ ಮೆಲ್ಲಕ ಮಾತಾಡ್ತಿದ್ರಲ್ಲ ಮಂಜಾ, ಆ ದನಿ ನನಗೆ ನೆನಪಿಗೇ ಬರ್ತಿಲ್ಲ ನೋಡಪ್ಪ. ದಿನಾ ಎದುರಿಗೇ ಕೂತಿರ್ತಾರೆ, ಆದ್ರೂ ಹೆಂಗಿತ್ತು ಅನ್ನೋದೇ ಮರ್ತೋಗೈತೆ.”

ಅವಳು ಅಳಲಿಲ್ಲ, ಮಂಡಕ್ಕಿಗೆ ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸುವುದನ್ನು ಮುಂದುವರಿಸಿದಳು. ನಾನು ತಲೆ ಎತ್ತಿದಾಗ ಕಣ್ಣಿಗೆ ಬಿದ್ದದ್ದು ಅಟ್ಟ. ನನ್ನ ತಲೆಯೊಳಗೆ ಹುಳ ಹೊಕ್ಕಿತು. ಆ ಕಂಪ್ಯೂಟರಿನಲ್ಲಿ ಭಾವ ಮುದ್ರಿಸಿದ್ದೆಲ್ಲ ಇರಬೇಕಲ್ಲ. ಇರುವುದು ಮೈಕಿನ ದನಿಯೇ ಆದರೂ, ಎಲ್ಲಾದರೂ ಒಂದು ಕಡೆ ಮನೆಯ ದನಿಯ ಒಂದು ತುಣುಕು ಸಿಕ್ಕಿಕೊಂಡಿದ್ದರೆ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನನ್ನ ಹುಟ್ಟುಗುಣ. ಮಂಡಕ್ಕಿ ತಿನ್ನುವುದನ್ನೂ ಮರೆತು ಏಣಿ ಹಾಕಿದೆ.

ಅಟ್ಟದ ಧೂಳು, ಜೇಡ, ನನ್ನ ಬಿಳಿ ಅಂಗಿ, ಇವುಗಳ ವಿವರ ಬೇಡ. ಪೆಟ್ಟಿಗೆಯಂಥ ಮಾನಿಟರನ್ನು ಇಳಿಸುವಾಗ ಸೊಂಟ ಉಳುಕಿತು, ಅದನ್ನೂ ಬಿಡಿ. ತಂತಿಗಳನ್ನೆಲ್ಲ ಜೋಡಿಸಿ ಸ್ವಿಚ್ ಹಾಕಿದೆವು. ಗರಗರ ಎಂದು ಸದ್ದು ಮಾಡಿ, ಬಹಳ ಹೊತ್ತು ಯೋಚಿಸಿ, ಕಂಪ್ಯೂಟರ್ ಎದ್ದೇಬಿಟ್ಟಿತು. ಭಾವ ಪೇಪರು ಬಿಟ್ಟು ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಮುದ್ರಿಸಿದ ಕಡತಗಳೆಲ್ಲ ಒಳಗೆ ಕ್ಷೇಮವಾಗಿದ್ದವು. ಸೀರೆ, ನಾಟಕ, ಎಮ್ಮೆ, ಹೊಳೆ ಎಂದು ಅವುಗಳಿಗೆ ಭಾವನೇ ಇಟ್ಟ ಹೆಸರುಗಳು ಕಾಣುತ್ತಿದ್ದವು. ಕಾಣುತ್ತಿದ್ದವು ಅಷ್ಟೇ, ಸೌಂಡ್ ಕಾರ್ಡಿಲ್ಲದ ಯಂತ್ರ ಅವನ್ನು ನುಡಿಸುವ ಹಾಗಿರಲಿಲ್ಲ. ಭಾವ ಸ್ಲೇಟಿನಲ್ಲಿ ‘ನಮ್ಮಿಬ್ಬರಿಗೂ ಒಂದೇ ರೋಗ’ ಎಂದು ಬರೆದು ಕಂಪ್ಯೂಟರಿನ ಬೆನ್ನು ತಟ್ಟಿದರು.

ಹಾಗಾದರೆ ಕಡತಗಳನ್ನು ಹೊರಗೆ ತಂದು ನನ್ನ ಲ್ಯಾಪ್‌ಟಾಪಿನಲ್ಲಿ ಕೇಳೋಣ ಎಂದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಪೆನ್ ಡ್ರೈವ್ ಚುಚ್ಚಿದರೆ, ಇದ್ಯಾವ ಪ್ರಾಣಿ ಎಂದು ಅದು ಕೇಳಿತು. ಅದು ಹುಟ್ಟಿದ ಕಾಲಕ್ಕೆ ಪೆನ್ ಡ್ರೈವ್ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಹಾರ್ಡ್ ಡಿಸ್ಕನ್ನೇ ಬಿಚ್ಚಿ ಒಯ್ಯಬಹುದಿತ್ತು, ಆದರೆ ಅದು ಆಗಾಗ ಟಿಕ್ ಟಿಕ್ ಎನ್ನುತ್ತಿತ್ತು. ಬಿಚ್ಚಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯಕ್ಕೆ ಭಾವ ಎರಡೂ ಕೈ ಅಡ್ಡ ಹಿಡಿದರು. ಉಳಿದದ್ದು ಒಂದೇ ದಾರಿ. ಹಿಂದುಗಡೆ ನೆಟ್‌ವರ್ಕ್ ಕಾರ್ಡ್ ಇತ್ತು. ಅದಕ್ಕೆ ತಂತಿ ಸಿಕ್ಕಿಸಿ, ಆ ತುದಿಯನ್ನು ಲ್ಯಾಪ್‌ಟಾಪಿಗೆ ಕೊಟ್ಟರೆ ಕಡತಗಳು ಈಚೆ ಬರಬೇಕು.

ಕಾರ್ಡೇನೋ ಇತ್ತು, ಅದರ ಡ್ರೈವರ್ ಇರಲಿಲ್ಲ. ಡ್ರೈವರ್ ಎಂದರೆ ಕಂಪ್ಯೂಟರಿಗೂ ಕಾರ್ಡಿಗೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ದುಭಾಷಿ ಎಂದು ತಿಳಿದುಕೊಳ್ಳಿ. ಹಿಂದೆ ಯಾರೋ ಪುಣ್ಯಾತ್ಮ ವೈರಸ್ ತೆಗೆಯುತ್ತೇನೆ ಎಂದು ಭಾವನ ಕಡತಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದ್ದ, ದುಭಾಷಿಯನ್ನು ಮಾತ್ರ ಮರೆತಿದ್ದ. ಹೀಗಾಗಿ ಕಾರ್ಡಿನ ಹೆಸರಿರಬೇಕಾದ ಜಾಗದಲ್ಲಿ ಹಳದಿ ಬಣ್ಣದ ಒಂದು ಆಶ್ಚರ್ಯಸೂಚಕ ಚಿಹ್ನೆ. ಇಲ್ಲೇನೋ ಇದೆ, ಏನೆಂದು ನನಗೆ ಗೊತ್ತಿಲ್ಲ ಎಂದು ಕಂಪ್ಯೂಟರ್ ಕೈ ಚೆಲ್ಲಿ ಕೂತಿತ್ತು. ಡ್ರೈವರ್ ಸಿಗುವುದು ಇಂಟರ್‌ನೆಟ್ಟಿನಲ್ಲಿ, ಡ್ರೈವರ್ ಇಲ್ಲದೆ ಆ ಕಂಪ್ಯೂಟರಿಗೆ ಇಂಟರ್‌ನೆಟ್ ಇಲ್ಲ. ಹುಚ್ಚು ಬಿಡುವತನಕ ಮದುವೆ ಆಗುವುದಿಲ್ಲ, ಮದುವೆ ಆಗುವತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಕಟ್ಟಿದವರು ಕಂಪ್ಯೂಟರ್ ನೋಡಿದ್ದರೋ ಏನೋ.

ದಾವಣಗೆರೆಗೆ ಹೋಗಿ ಹುಡುಕಿ ತರೋಣ, ಅದಕ್ಕೆ ಮೊದಲು ಕಾರ್ಡಿನ ನಂಬರು ಬೇಕು ಎಂದು ಡಬ್ಬದ ಮಗ್ಗುಲು ಬಿಚ್ಚಿದೆ. ಒಳಗೆ ಒಂದು ಚಿಕ್ಕ ಗುಡಿ ಇತ್ತು. ಫ್ಯಾನಿಗೆ ಮೂರು ಬೆರಳಿನ ವಿಭೂತಿ, ಹಾರ್ಡ್ ಡಿಸ್ಕಿಗೆ ವಿಭೂತಿ ಕುಂಕುಮ, ತಂತಿಗಳ ನಡುವೆ ಒಣಗಿದ ಚೆಂಡುಹೂವಿನ ಎಸಳು. ನೆಟ್‌ವರ್ಕ್ ಕಾರ್ಡಿನ ಕಪ್ಪು ಚಿಪ್ಪಿನ ಮೇಲೆ, ಸರಿಯಾಗಿ ನಂಬರಿನ ಕೊನೆಯ ಅಂಕಿಯ ಮೇಲೆ, ಅಗಲವಾದ ಒಂದು ಕುಂಕುಮದ ಬೊಟ್ಟು.

ಆಯುಧ ಪೂಜೆಗೆ ಎಲ್ಲರೂ ಡಬ್ಬದ ಮೇಲೆ ಕುಂಕುಮ ಹಚ್ಚುತ್ತಾರೆ. ಅಕ್ಕ ಹಾಗಲ್ಲ. ದುಡಿಯುವುದು ಒಳಗಿನವು, ಹೊರಗಿನ ತಗಡಿಗೆ ಪೂಜೆ ಮಾಡಿ ಏನು ಬಂತು ಎಂಬುದು ಅವಳ ನ್ಯಾಯ. ಪ್ರತಿ ವರ್ಷ ಭಾವನಿಂದ ಡಬ್ಬ ಬಿಚ್ಚಿಸಿ, ಒಳಗಿನ ಒಂದೊಂದು ಭಾಗಕ್ಕೂ ಬೆರಳು ಒದ್ದೆ ಮಾಡಿಕೊಂಡು ಹಚ್ಚುತ್ತಿದ್ದಳಂತೆ. ಅದು ಅಷ್ಟು ವರ್ಷ ಸುಟ್ಟುಹೋಗದೆ ನಡೆದದ್ದು ಪೂಜೆಯ ಫಲವೇ ಇರಬೇಕು, ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ನಾನು ಕರವಸ್ತ್ರ ತೆಗೆದು ಬೊಟ್ಟು ಒರೆಸಲು ಹೋದೆ. ಅಕ್ಕ ನನ್ನ ಕೈ ಹಿಡಿದಳು. ಅದು ಭಾವ ಮೈಕ್ ಹಿಡಿದ ಕೊನೆಯ ವರ್ಷ ಹಚ್ಚಿದ್ದು, ಅದಾದ ಮೇಲೆ ಅವರ ಕಸುಬಿಗೆ ಪೂಜೆಯೇ ಆಗಿಲ್ಲ, ಹಚ್ಚಿದ ಕುಂಕುಮ ಒರೆಸಬಾರದು ಎಂದಳು. ಅವಳ ಮುಖ ನೋಡಿ ನಾನು ಕರವಸ್ತ್ರ ಜೇಬಿಗೆ ಹಾಕಿಕೊಂಡೆ.

ಒರೆಸದಿದ್ದರೆ ಏನಾಯಿತು, ನಾನು ಶಾಸನ ಓದುವವನಲ್ಲವೇ? ಇದೇ ಹರಿಹರದ ಗುಡಿಯ ಕಲ್ಲುಗಳ ಮೇಲೆ ಸವೆದು ಹೋದ ಅಕ್ಷರಗಳನ್ನು ಸುಣ್ಣದ ಪುಡಿ ತಿಕ್ಕಿ ಓದಿದವನು. ಟಾರ್ಚು ಹಿಡಿದು, ಕನ್ನಡಕ ಏರಿಸಿ, ಇಳಿಸಿ, ತಲೆ ಓರೆ ಮಾಡಿ, ಕುಂಕುಮದ ಅಂಚಿನಲ್ಲಿ ಇಣುಕುತ್ತಿದ್ದ ಗೆರೆಗಳನ್ನು ನೋಡಿ, ಕೊನೆಯ ಅಂಕಿ ಎಂಟು ಎಂದು ತೀರ್ಪು ಕೊಟ್ಟೆ. ಭಾವ ಅನುಮಾನದಿಂದ ನೋಡಿದರು. ನಾನು ಅವರಿಗೆ ಅಂಕಿಗಳ ತಿರುವುಗಳ ಬಗ್ಗೆ ಸಣ್ಣದೊಂದು ಉಪನ್ಯಾಸವನ್ನೇ ಕೊಟ್ಟೆ.

ಆ ವಾರವೆಲ್ಲ ನನಗೆ ಹಬ್ಬ. ಕಾಲೇಜಿನಿಂದ ಬಂದವನೇ ಲ್ಯಾಪ್‌ಟಾಪಿನ ಮುಂದೆ ಕೂರುವುದು. ಆ ಕಾರ್ಡು ಮಾಡಿದವರು ಎಂದೋ ಅದನ್ನು ಕೈಬಿಟ್ಟಿದ್ದರು. ಒಂದು ಪುಟ ಇನ್ನೊಂದಕ್ಕೆ ಕಳಿಸಿತು, ಅದು ಮತ್ತೊಂದಕ್ಕೆ. ಡ್ರೈವರ್ ಇಲ್ಲಿದೆ ಎಂದು ಆಸೆ ತೋರಿಸಿ ತೂಕ ಇಳಿಸುವ ಔಷಧ ಮಾರಲು ಬಂದವರೂ ಇದ್ದರು. ನನ್ನ ಹಾಗೆಯೇ ಹಳೆಯ ಯಂತ್ರ ಕಟ್ಟಿಕೊಂಡು ಒದ್ದಾಡುವವರು ಲೋಕದಲ್ಲಿ ಎಷ್ಟೊಂದು ಜನ ಇದ್ದಾರೆ ಎಂದು ಆಗ ಗೊತ್ತಾಯಿತು. ಕೊನೆಗೆ ಯಾವುದೋ ದೂರದೇಶದ ಹವ್ಯಾಸಿಯೊಬ್ಬರು, ಯಾರಿಗೂ ಬೇಡವಾದ ಕಾರ್ಡುಗಳ ಡ್ರೈವರುಗಳನ್ನೆಲ್ಲ ಒಂದು ಕಡೆ ಕೂಡಿಟ್ಟಿರುವುದು ಕಂಡಿತು. ಅದರಲ್ಲಿ ನನ್ನ ಎಂಟೂ ಇತ್ತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಲ್ಲಿಯಲ್ಲಿ ನೀರು ಬಂತೇನು ಎಂದು ನನ್ನ ಹೆಂಡತಿ ಒಳಗಿನಿಂದ ಕೇಳಿದಳು. ಡ್ರೈವರ್ ಸಿಕ್ಕಿತು ಎಂದೆ. ಮನೆಯಲ್ಲಿ ಇಂಥ ಸಂಭ್ರಮ ಮಗಳು ಪಾಸಾದಾಗಲೂ ಕಂಡಿರಲಿಲ್ಲ ಎಂದು ಅವಳ ಟೀಕೆ.

ಈಗ ಅದನ್ನು ಸಿಡಿಗೆ ಹಾಕಬೇಕು. ಪೆನ್ ಡ್ರೈವ್ ಅರಿಯದ ಕಂಪ್ಯೂಟರಿಗೆ ಸಿಡಿಯಾದರೂ ಗೊತ್ತಿತ್ತು. ಆದರೆ ಈ ಕಾಲದಲ್ಲಿ ಸಿಡಿ ಬರೆಯುವವರು ಯಾರು? ಪಿ.ಜೆ. ಬಡಾವಣೆಯಲ್ಲಿ ಮದುವೆಯ ವಿಡಿಯೊ ಮಾಡುವ ಸಲೀಂ ನೆನಪಾದರು. ಹಳೆಯ ಗಿರಾಕಿಗಳು ಇನ್ನೂ ಡಿಸ್ಕಿನಲ್ಲೇ ಕೇಳುತ್ತಾರೆಂದು ಅವರು ಆ ಯಂತ್ರ ಇಟ್ಟುಕೊಂಡಿದ್ದರು. ಕಥೆಯೆಲ್ಲ ಕೇಳಿ ಅವರಿಗೂ ಹುರುಪು ಬಂತು. ಅವರ ಅಬ್ಬಾಜಾನ್ ಅಂಗಡಿ ತೆರೆದಾಗ ಊರಿಗೆ ಸಾರಿದ್ದು ನಮ್ಮ ಭಾವನೇ ಅಂತೆ. ಸಿಡಿ ಬರೆದು, ಖಾಲಿ ಕವರು ಇಲ್ಲದ್ದರಿಂದ, ಮೇಲೆ ಗಣಪತಿಯೂ ‘ಶುಭ ವಿವಾಹ’ವೂ ಇದ್ದ ಕವರಿನಲ್ಲಿ ಹಾಕಿಕೊಟ್ಟರು.

ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿ, ಆ ಮದುವೆ ಹಿಡಿದುಕೊಂಡು ಹರಿಹರದ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಲೋಕಿಕೆರೆಯ ಅಜ್ಜಿ ಕವರು ನೋಡಿ, ಹುಡುಗಿ ಯಾವ ಊರಿನವಳು ಎಂದು ವಿಚಾರಿಸಿದಳು. ಉತ್ಸಾಹದಲ್ಲಿ ಅವಳಿಗೂ ನೆಟ್‌ವರ್ಕ್ ಕಾರ್ಡಿನ ಕಥೆ ಶುರು ಮಾಡಿದೆ. ಅವಳು ಮುಂದಿನ ನಿಲ್ದಾಣದಲ್ಲಿ ಸೀಟು ಬದಲಿಸಿದಳು.

ಹರಿಹರದಲ್ಲಿ ನೋಡಿದರೆ ಸಿಡಿ ಹಾಕುವ ತಟ್ಟೆಯೇ ಹೊರಗೆ ಬರಲೊಲ್ಲದು. ಗುಂಡಿ ಒತ್ತಿದರೆ ಒಳಗೆ ನರಳಿ ಸುಮ್ಮನಾಗುತ್ತದೆ. ಭಾವ ಬೆರಳು ತೋರಿಸಿದರು. ಮುಂಭಾಗದಲ್ಲಿ ಸೂಜಿ ತೂರುವಷ್ಟು ಚಿಕ್ಕದೊಂದು ತೂತು ಇತ್ತು, ಅದಕ್ಕೆ ಏನಾದರೂ ಚುಚ್ಚಿದರೆ ತೆರೆಯುತ್ತದಂತೆ. ನಾನು ಮನೆಯೆಲ್ಲ ತಂತಿ ಹುಡುಕುತ್ತಿದ್ದರೆ, ಅಕ್ಕ ಬಳೆಯಿಂದ ಪಿನ್ನು ಬಿಚ್ಚಿ, ನೆಟ್ಟಗೆ ಮಾಡಿ ಕೊಟ್ಟಳು. ಒಂದೇ ಚುಚ್ಚಿಗೆ ತಟ್ಟೆ ನಾಲಗೆ ಚಾಚಿತು. ಮೂವರೂ ಮಕ್ಕಳ ಹಾಗೆ ನಕ್ಕೆವು. ಸಿಡಿ ತಿರುಗಿತು, ಡ್ರೈವರ್ ಇಳಿಯಿತು, ಕಂಪ್ಯೂಟರ್ ಬಹಳ ಹೊತ್ತು ಯೋಚಿಸಿತು. ಹಳದಿ ಚಿಹ್ನೆ ಅಲ್ಲೇ ಇತ್ತು. ಈ ಡ್ರೈವರಿಗೆ ತಕ್ಕ ಕಾರ್ಡು ಇಲ್ಲಿಲ್ಲ ಎಂದು ಅದರ ವರದಿ.

ಭಾವ ಶುಭ ವಿವಾಹದ ಕವರನ್ನು ಒಮ್ಮೆ ನೋಡಿ, ಸ್ಲೇಟಿನಲ್ಲಿ ‘ಗಂಡು ಬೇರೆ ಮನೆಗೆ ಬಂದೈತೆ’ ಎಂದು ಬರೆದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಡಿಸ್ಕಿನ ಟಿಕ್ ಟಿಕ್ ಹೋದ ವಾರಕ್ಕಿಂತ ಜೋರಾಗಿತ್ತು. ಅದು ಇನ್ನೆಷ್ಟು ಸಲ ಏಳುತ್ತದೋ ಹೇಳುವವರಿಲ್ಲ. ಅಕ್ಕನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ನಾನು ಓದಿದ ಎಂಟು ತಪ್ಪು, ಕುಂಕುಮ ತೆಗೆಯದೆ ನಂಬರು ಗೊತ್ತಾಗುವುದಿಲ್ಲ, ನಂಬರಿಲ್ಲದೆ ದನಿ ಈಚೆ ಬರುವುದಿಲ್ಲ. ಅಕ್ಕ ಕಾರ್ಡನ್ನೇ ನೋಡುತ್ತ ನಿಂತಳು.

“ನನ್ ಕೈಲಿ ಒರ್ಸಾಕೆ ಆಗಲ್ಲಪ್ಪ. ನೀನೂ ಒರ್ಸಬ್ಯಾಡ,” ಎಂದಳು.

ಭಾವ ಎದ್ದರು. ಲೋಟದ ನೀರಿನಲ್ಲಿ ಹೆಬ್ಬೆರಳು ಅದ್ದಿ, ಬಗ್ಗಿ, ಚಿಪ್ಪಿನ ಮೇಲಿನ ಬೊಟ್ಟನ್ನು ಮೆಲ್ಲಗೆ ತಿಕ್ಕಿದರು. ಬಣ್ಣ ಹೆಬ್ಬೆರಳಿಗೆ ಹತ್ತಿತು. ಆ ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳಲಿಲ್ಲ. ನೇರವಾಗಿ ಅಕ್ಕನ ಹಣೆಗೆ ಒತ್ತಿದರು. ಕುಂಕುಮ ಒರೆಸಿದ ಹಾಗಾಗಲಿಲ್ಲ, ಜಾಗ ಬದಲಾಯಿತು ಅಷ್ಟೇ. ಅಕ್ಕ “ಇವರದೊಂದು” ಎಂದು ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ನಾನು ಟಾರ್ಚು ಹಿಡಿದೆ. ಕೊನೆಯ ಅಂಕಿ ಒಂಬತ್ತು. ಶಾಸನ ಓದುವ ನನ್ನ ಕಣ್ಣಿಗೆ ಅಂದು ಆದ ಅವಮಾನ ಆ ಗಡಿಬಿಡಿಯಲ್ಲಿ ನೆನಪೂ ಆಗಲಿಲ್ಲ.

ಕಂಪ್ಯೂಟರನ್ನು ಆರಿಸಬೇಡಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸಿನಲ್ಲೇ ಮೊಬೈಲಿನಲ್ಲಿ ದೂರದೇಶದವರ ಆ ಸಂಗ್ರಹ ತೆರೆದರೆ, ಎಂಟರ ಕೆಳಗೇ ಒಂಬತ್ತು ಕಾಯುತ್ತಿತ್ತು. ಸಲೀಂ ಮದುವೆಯೊಂದಕ್ಕೆ ಹೊರಟು ಕ್ಯಾಮೆರಾಗಳನ್ನು ಗಾಡಿಗೆ ತುಂಬುತ್ತಿದ್ದರು. ನನ್ನ ಮುಖ ನೋಡಿದವರೇ ಬೀಗ ತೆಗೆದರು.

“ಮತ್ತೊಂದು ಮದ್ವೆ ಏನ್ರಿ ಮೇಷ್ಟ್ರೇ? ಬರ್ರಿ, ಬರ್ರಿ. ಅಲ್ಲಿ ಮುಹೂರ್ತಕ್ಕೆ ಟೈಮ್ ಐತೆ, ನಿಮ್ದು ಮೊದ್ಲು ಆಗ್ಲಿ.”

ಎರಡನೆಯ ಶುಭ ವಿವಾಹ ಹಿಡಿದು ಹರಿಹರಕ್ಕೆ ವಾಪಸು ಬರುವಾಗ ಬಿಸಿಲು ಇಳಿಯುತ್ತಿತ್ತು. ಬಸ್ಸಿನಲ್ಲಿ ಕೂರಲಾಗದೆ ಬಾಗಿಲ ಹತ್ತಿರ ನಿಂತೇ ಬಂದೆ, ನಿಂತರೆ ಬೇಗ ಮುಟ್ಟುತ್ತೇನೆ ಎನ್ನುವವನ ಹಾಗೆ. ಭಾವ ಜಗಲಿಯಲ್ಲಿ ಕಾಯುತ್ತಿದ್ದರು. ಮತ್ತೆ ಪಿನ್ನು, ಮತ್ತೆ ತಟ್ಟೆ, ಮತ್ತೆ ಆ ದೀರ್ಘವಾದ ಯೋಚನೆ. ಹಳದಿ ಚಿಹ್ನೆ ಮಾಯವಾಯಿತು. ಡಬ್ಬದ ಹಿಂದುಗಡೆ, ತಂತಿ ಸಿಕ್ಕಿಸಿದ ಜಾಗದಲ್ಲಿ, ಜೋಳದ ಕಾಳಿನಷ್ಟು ಚಿಕ್ಕದೊಂದು ಹಸಿರು ದೀಪ ಮಿಣಕ್ ಮಿಣಕ್ ಎಂದು ಹೊಡೆದುಕೊಳ್ಳತೊಡಗಿತು. ಭಾವ ಲೋಟ ತೆಗೆದುಕೊಂಡು ಟಣಟಣ ಬಾರಿಸಿದರು, ಅದು ಯಾವುದರ ಸಂಕೇತ ಎಂದು ಅಕ್ಕನಿಗೂ ತಿಳಿಯದ ಹಾಗೆ. ಆ ಹಳೆಯ ಯಂತ್ರವೂ ನನ್ನ ಲ್ಯಾಪ್‌ಟಾಪೂ ಒಂದನ್ನೊಂದು ಗುರುತು ಹಿಡಿಯುವ ಹೊತ್ತಿಗೆ ನಡೆದ ಜಗಳಗಳನ್ನು ಹೇಳಿದರೆ ನೀವೂ ಆ ಅಜ್ಜಿಯ ಹಾಗೆ ಎದ್ದು ಹೋಗುತ್ತೀರಿ. ಕಡತಗಳು ಒಂದೊಂದಾಗಿ ಈಚೆ ಬಂದವು ಎಂದಷ್ಟೇ ತಿಳಿಯಿರಿ.

ಮೊದಲು ‘ಸೀರೆ’ ತೆರೆದೆ. “ಮಾನ್ಯ ಮಹಿಳೆಯರೇ, ಬನ್ನಿರಿ, ನೋಡಿರಿ” ಎಂದು ಕೋಣೆ ನಡುಗಿತು. ಎಷ್ಟು ವರ್ಷದ ಮೇಲೆ ಕೇಳಿದ ದನಿ. ನಾನು ಮತ್ತೆ ಗುಲಾಬಿ ಕರಪತ್ರದ ಹಿಂದೆ ಓಡುವ ಹುಡುಗನಾದೆ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, ಒಳಗೆ ಇಣುಕಿ, ಬಸಣ್ಣನಿಗೆ ಕ್ಷಣಕಾಲ ಕೈ ಮುಗಿದು ಹೋದರು. ಭಾವ ಕಣ್ಣು ಮುಚ್ಚಿ ತಮ್ಮ ದನಿಯನ್ನು ತಾವೇ ಕೇಳಿದರು. ಒಂದು ಕಡೆ ಉಸಿರು ತಪ್ಪಿದ್ದಕ್ಕೆ ತಲೆ ಅಲ್ಲಾಡಿಸಿದರು. ‘ಎಮ್ಮೆ’ ಹಾಕಿದೆ, ‘ಹೊಳೆ’ ಹಾಕಿದೆ. ಎಲ್ಲವೂ ಊರಿನ ದನಿ.

ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು, ಸಂತೋಷಪಟ್ಟಳು, ಚೆನ್ನಾಗೈತೆ ಎಂದಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು, ಅವಳು ಕಾಯುತ್ತಿದ್ದುದು ಇದನ್ನಲ್ಲ. ಸ್ವಲ್ಪ ಹೊತ್ತಿಗೆ ಒಲೆ ಹಚ್ಚುವ ನೆವ ಮಾಡಿ ಒಳಗೆ ಹೋದಳು. ನಾನು ಹಟ ಬಿಡದೆ ಒಂದಾದ ಮೇಲೆ ಒಂದು ಹಾಕುತ್ತಲೇ ಹೋದೆ. ಕೊನೆಗೆ ‘ನಾಟಕ’ದ ಸರದಿ ಬಂತು. ಇಂದೇ ಕಡೆಯ ಆಟ, ಸ್ತ್ರೀಯರಿಗೆ ಪ್ರತ್ಯೇಕ ಆಸನ, ತಪ್ಪದೆ ಬನ್ನಿರಿ. ಮುಗಿಯಿತು. ಆದರೆ ದನಿಯ ಗೆರೆ ಇನ್ನೂ ಓಡುತ್ತಿತ್ತು. ಆ ದಿನ ಭಾವ ಮುದ್ರಣ ನಿಲ್ಲಿಸಲು ಮರೆತಿದ್ದರು. ಕುರ್ಚಿ ಸರಿದ ಸದ್ದು, ಕೌದಿ ಸರಿಸಿದ ಸದ್ದು, ಒಂದು ಕೆಮ್ಮು. ಆಮೇಲೆ, ನಾನು ಜನ್ಮದಲ್ಲಿ ಕೇಳಿರದ ಒಂದು ಮೆತ್ತನೆಯ ದನಿ.

“ಗಿರಿಜಾ, ಒಂದೀಟು ಚಾ ಮಾಡ್ತಿಯೇನು? ಗಂಟ್ಲು ಒಣಗೈತೆ.”

“ಇಟ್ಟೀನಿ ತಡೀರಿ, ಹಾಲು ಕಾಯ್ಲಿ,” ಎಂದಳು ಅಕ್ಕ ಅಡುಗೆಮನೆಯಿಂದ.

ಭಾವನೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ಒಳಗೆ ಪಾತ್ರೆಗಳ ಸದ್ದು ನಿಂತಿತು. ಅಕ್ಕ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಲ್ಯಾಪ್‌ಟಾಪಿನೊಳಗಿಂದ ಈಗ ಅವಳದೇ ದನಿ, ಎಷ್ಟೋ ವರ್ಷ ಚಿಕ್ಕದು, ತುಸು ಚೂಪು, ಉತ್ತರ ಕೊಡುತ್ತಿತ್ತು: “ಈಗಿನ್ನ ಕುಡ್ದೀರಿ, ಆಗ್ಲೇ ಮತ್ತೆ ಚಾ ಅಂದ್ರೆ ನಾನೇನು ಹೋಟ್ಲು ಇಟ್ಟೀನಾ? ಸುಮ್ನೆ ಕೂಡ್ರಿ.” ಅದರ ಹಿಂದೆ ಭಾವನ ಸಣ್ಣ ನಗು. ಅಲ್ಲಿಗೆ ಕಡತ ಮುಗಿಯಿತು.

ಅಕ್ಕನ ಕಣ್ಣು ತುಂಬಿತ್ತು. “ಅವತ್ತು ನಾನು ಚಾ ಕೊಡ್ಲೇ ಇಲ್ಲೇನ್ರಿ?” ಎಂದು ಭಾವನನ್ನು ಕೇಳಿದಳು.

ಭಾವ ಬಹಳ ಗಂಭೀರವಾಗಿ, ಇಲ್ಲ ಎಂದು ತಲೆಯಾಡಿಸಿದರು. ಸುಳ್ಳು ಎಂದು ನನಗೆ ಗೊತ್ತು. ಬೈದುಕೊಂಡೇ ಮಾಡಿಕೊಡುವುದು ಅಕ್ಕನ ರೂಢಿ, ಅದು ಅವಳಿಗೂ ಗೊತ್ತು. ಆದರೂ ಅವಳು ವಾದಕ್ಕೆ ಇಳಿಯಲಿಲ್ಲ. ಒಳಗೆ ಹೋಗಿ, ಹೊಗೆಯಾಡುವ ಚಹಾವನ್ನು ಸ್ಟೀಲ್ ಲೋಟದ ಅಂಚಿನವರೆಗೆ ತುಂಬಿ ತಂದು, ಸೆರಗಿನಿಂದ ಹಿಡಿದು ಭಾವನ ಕೈಗೆ ಕೊಟ್ಟಳು. ಆಮೇಲೆ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು, ಅದನ್ನ ಇನ್ನೊಂದು ಸಲ ಹಚ್ಚು ಮಂಜಾ ಎಂದಳು. ನಾನು ಹಚ್ಚಿದೆ. ಮತ್ತೆ ಕುರ್ಚಿ ಸರಿಯಿತು, ಕೌದಿ ಸರಿಯಿತು, ಕೆಮ್ಮು ಬಂತು. “ಗಿರಿಜಾ, ಒಂದೀಟು ಚಾ ಮಾಡ್ತಿಯೇನು?” ಎಂದಿತು ಆ ದನಿ. ಅಕ್ಕ ಲ್ಯಾಪ್‌ಟಾಪಿನ ಕಡೆ ನೋಡಲಿಲ್ಲ, ಭಾವನ ಮುಖ ನೋಡಿದಳು.

“ಕೊಟ್ಟೀನಲ್ರೀ. ಆರೋದ್ರೊಳಗೆ ಕುಡೀರಿ.”